ಕೊರೊನಾ, ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಮಾತ್ರೆ

ಸಕ್ಕರೆ ಕಾಯಿಲೆ ಇದ್ದವರಿಗೆ ಕೊರೊನಾ ಬೇಗ ಅಂಟುತ್ತದೆ ಎಂಬ ಮಾತು ಮಂಡ್ಯದಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಹೆಚ್ಚು ಹೆದರಬೇಕಾದದ್ದು ಅಂಟುವುದಕ್ಕಲ್ಲ, ಅಂಟಿದ ಮೇಲೆ ಅದು ಉಲ್ಬಣಿಸುವುದಕ್ಕೆ. 2020ರ ಮೊದಲ ಅಲೆಯಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಪೈಕಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಮಧುಮೇಹವಿತ್ತು. ರಕ್ತದಲ್ಲಿ ಗ್ಲೂಕೋಸ್ ಬಹುಕಾಲ ಹೆಚ್ಚಾಗಿದ್ದರೆ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳ ಶಕ್ತಿ ಕುಗ್ಗುತ್ತದೆ. ಸೋಂಕಿನ ಒತ್ತಡಕ್ಕೆ ದೇಹ ಸ್ರವಿಸುವ ಹಾರ್ಮೋನುಗಳು ಗ್ಲೂಕೋಸನ್ನು ಮತ್ತಷ್ಟು ಏರಿಸುತ್ತವೆ.

ಇದರ ಮೇಲೆ ಬಂದದ್ದು ಸ್ಟೀರಾಯ್ಡ್, ಅಂದರೆ ಉರಿಯೂತವನ್ನು ತಗ್ಗಿಸುವ ಔಷಧ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ವೆಂಟಿಲೇಟರ್‌ನಲ್ಲಿರುವವರ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗ ತೋರಿಸಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಪ್ರಯೋಜನವಿಲ್ಲವೆಂಬುದನ್ನೂ ಅದೇ ಪ್ರಯೋಗ ಹೇಳಿತ್ತು. ಎರಡನೆಯ ಅಲೆಯ ಗಾಬರಿಯಲ್ಲಿ ಈ ಎರಡನೆಯ ಮಾತು ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ಯಾರದೋ ಹಳೆಯ ಚೀಟಿಯನ್ನು ಹಿಡಿದು ಮೆಡಿಕಲ್ ಸ್ಟೋರಿನಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವವರಿದ್ದರು. ಸ್ಟೀರಾಯ್ಡ್ ಇನ್ಸುಲಿನ್ನಿನ ಕೆಲಸವನ್ನು ಮಂದಗೊಳಿಸಿ, ಯಕೃತ್ತಿನಿಂದ ಹೆಚ್ಚು ಗ್ಲೂಕೋಸ್ ಹೊರಬರುವಂತೆ ಮಾಡುತ್ತದೆ. ಬೆಳಿಗ್ಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ನುಂಗಿದವರಲ್ಲಿ ಶುಗರ್ ಏರುವುದು ಮುಖ್ಯವಾಗಿ ಮಧ್ಯಾಹ್ನದ ಊಟದ ನಂತರ ಮತ್ತು ಸಂಜೆ. ಆದ್ದರಿಂದ ಬರೀ ಹೊಟ್ಟೆಯಲ್ಲಿ ಮಾಡಿಸಿದ ಪರೀಕ್ಷೆಯ ಅಂಕಿಯೊಂದನ್ನೇ ನೋಡಿ ಎಲ್ಲವೂ ಸರಿಯಿದೆ ಎಂದುಕೊಳ್ಳುವುದು ಮೋಸಹೋದಂತೆ.

2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದಕ್ಕೆ ಹಿಡಿತ ತಪ್ಪಿದ ಮಧುಮೇಹ ಮತ್ತು ಸ್ಟೀರಾಯ್ಡ್‌ನ ಅತಿಬಳಕೆ ಮುಖ್ಯ ಕಾರಣಗಳಾಗಿದ್ದವು. ಮಧುಮೇಹ ಹಿಡಿತ ತಪ್ಪಿ ರಕ್ತದಲ್ಲಿ ಆಮ್ಲತೆ ಹೆಚ್ಚಿದಾಗ ಬಿಡುಗಡೆಯಾಗುವ ಕಬ್ಬಿಣದ ಅಂಶ ಈ ಶಿಲೀಂಧ್ರಕ್ಕೆ ಆಹಾರವಾಗುತ್ತದೆ. ಮುಖದ ಒಂದು ಬದಿ ಊದಿಕೊಳ್ಳುವುದು, ಕಣ್ಣು ನೋಯುವುದು, ಮೂಗಿನಿಂದ ಕಪ್ಪು ದ್ರವ ಬರುವುದು ಇದರ ಲಕ್ಷಣಗಳು.

ರಾಗಿ ಮುದ್ದೆ ತಿನ್ನುವವರಿಗೆ ಶುಗರ್‌ನ ಚಿಂತೆಯಿಲ್ಲ ಎಂಬ ನಮ್ಮ ಕಡೆಯ ನಂಬಿಕೆಯೂ ಸರಿಯಲ್ಲ: ರಾಗಿಯಲ್ಲಿ ನಾರಿನ ಅಂಶ ಚೆನ್ನಾಗಿದ್ದರೂ ಅದರ ಬಹುಪಾಲು ಪಿಷ್ಟವೇ. ಜ್ವರದಲ್ಲಿ ಊಟ ಸೇರದಿದ್ದಾಗ ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯಕಾರಿ. ಊಟ ಕಡಿಮೆಯಾದರೂ ಸೋಂಕು ಶುಗರನ್ನು ಏರಿಸುತ್ತಲೇ ಇರುತ್ತದೆ, ಆದ್ದರಿಂದ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಬದಲಿಸಬೇಕು. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್‌ನಂತಹ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮಾತ್ರ ತೀವ್ರ ಕಾಯಿಲೆಯ ದಿನಗಳಲ್ಲಿ ವೈದ್ಯರು ಸಾಮಾನ್ಯವಾಗಿ ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ, ಏಕೆಂದರೆ ಅವುಗಳಿಂದ ರಕ್ತದ ಆಮ್ಲತೆ ಏರುವ ಸಂಭವವಿರುತ್ತದೆ.