ಜಾತ್ರೆಯ ಲಾರಿಯ ಬಾಗಿಲು

ಸಿದ್ಧಗಂಗೆಯ ಜಾತ್ರೆಯಲ್ಲಿ 60 ರೂಪಾಯಿಗೆ ಕೊಂಡಿದ್ದ ಪ್ಲಾಸ್ಟಿಕ್ ಲಾರಿಯನ್ನು ಇಂದು ಸಂಜೆ ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ 28 ಮಿಲಿಮೀಟರ್ ಎತ್ತರದ ಸೈನಿಕನ ಬೊಂಬೆಯನ್ನು ನಿಲ್ಲಿಸಿದೆ. ಬಾಗಿಲಿನ ಹಿಡಿ ಸರಿಯಾಗಿ ಅವನ ಎದೆಯ ಮಟ್ಟಕ್ಕೆ ಬಂದಿತು.

ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದಾಟಕ್ಕೆ ಆಟಿಕೆಯ ವಾಹನವನ್ನು ಆರಿಸುವಾಗ ನಾನು ಮೊದಲು ನೋಡುವುದು ಈ ಬಾಗಿಲನ್ನೇ. ಅಂಗೈಯಲ್ಲಿ ಅಡಗುವ 1:64 ಅಳತೆಯ, ಅಂದರೆ ನಿಜವಾದ ಕಾರಿನ ಅರವತ್ತನಾಲ್ಕನೇ ಒಂದು ಭಾಗದಷ್ಟು ಉದ್ದದ ಲೋಹದ ಕಾರುಗಳು, ದಪ್ಪ ತಳದ ಮೇಲೆ ನಿಂತ ಬೊಂಬೆಯ ಪಕ್ಕದಲ್ಲಿ ಕುಗ್ಗಿದಂತೆ ಕಾಣುತ್ತವೆ. 1:43ರವು ಲೆಕ್ಕಕ್ಕೆ ದೊಡ್ಡವಾದರೂ ಕಣ್ಣಿಗೆ ಒಪ್ಪುತ್ತವೆ. ಇಲ್ಲಿ ಕಣ್ಣನ್ನೇ ನಂಬಬೇಕೆಂಬುದು ನನ್ನ ಅಭಿಪ್ರಾಯ.

ತಳದ ಸ್ಕ್ರೂ ಬಿಚ್ಚಿ, ಅಚ್ಚಿನಿಂದ ಉಳಿದ ಜಿಡ್ಡು ಹೋಗುವಂತೆ ಸೋಪಿನ ನೀರಿನಲ್ಲಿ ತೊಳೆದು, ಮೇಲಿನ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬೂದು ಬಣ್ಣದ ಪ್ರೈಮರ್ ಹೊಡೆದೆ. ಲಾರಿಯ ಹೊಳೆಯುವ ಹಸಿರು ಮರೆಯಾದ ಕೂಡಲೇ ಆಟಿಕೆತನ ಅರ್ಧ ಕಳೆಯಿತು. ಆಮೇಲೆ ತೆಳುವಾಗಿ ಕಲಸಿದ ಕಂದು ಬಣ್ಣವನ್ನು ಕುಂಚದ ತುದಿಯಿಂದ ಮುಟ್ಟಿಸಿದಾಗ ಅದು ಬಾಗಿಲಿನ ಸುತ್ತಲಿನ ಸಂದಿಗೆ ತಾನಾಗಿಯೇ ಹರಿದು ನಿಂತಿತು; ಅಲ್ಲಿಯವರೆಗೆ ಬರಿಯ ಗೆರೆಯಾಗಿದ್ದದ್ದು, ಯಾರೋ ಈಗಷ್ಟೇ ಮುಚ್ಚಿ ಇಳಿದುಹೋದ ಬಾಗಿಲಾಯಿತು. ಆ ಕ್ಷಣವನ್ನು ಎಷ್ಟು ಸಲ ಕಂಡರೂ ನನಗೆ ಸಾಲದು.

ತುಮಕೂರಿನ ಬಟವಾಡಿಯ ಹೆದ್ದಾರಿಯಲ್ಲಿ ದಿನವೂ ಕಾಣುವ ಲಾರಿಗಳನ್ನು ನೆನೆದು, ಸ್ಪಂಜಿನ ಚೂರಿನಿಂದ ಮಡ್‌ಗಾರ್ಡಿನ ಅಂಚಿಗಷ್ಟೇ ತುಕ್ಕಿನ ಬಣ್ಣವನ್ನು ಒತ್ತಿದ್ದೇನೆ. ನಾಳೆ ಹಳೆಯ ಸೊಳ್ಳೆ ಜಾಲರಿಯ ತುಂಡನ್ನು ಕತ್ತರಿಸಿ ಕಿಟಕಿಗಳಿಗೆ ಅಂಟಿಸಬೇಕು.