ಪ್ರಾಕ್ಟರ್ ಹರಿದ ಎರಡು ಕಾಗದಗಳು

ಆರ್ಥರ್ ಮಿಲ್ಲರ್ ಬರೆದ ‘ದಿ ಕ್ರೂಸಿಬಲ್’ ನಾಟಕದಲ್ಲಿ ಎಜೆಕಿಯಲ್ ಚೀವರ್ ಎಂಬ ಸಣ್ಣ ಪಾತ್ರವೊಂದಿದೆ. ಕಸುಬಿನಿಂದ ದರ್ಜಿಯಾದ ಅವನು, ಊರಿನಲ್ಲಿ ಮಾಟಗಾತಿಯರ ವಿಚಾರಣೆ ಶುರುವಾದ ಮೇಲೆ ನ್ಯಾಯಾಲಯದ ಗುಮಾಸ್ತನಾಗುತ್ತಾನೆ. ವಾರಂಟು ಹಿಡಿದು ನಾಟಕದ ನಾಯಕ, ರೈತ ಜಾನ್ ಪ್ರಾಕ್ಟರನ ಮನೆಗೆ ಬಂದಾಗ, ಸ್ವರ್ಗಕ್ಕೆ ಹೋಗಬೇಕಾಗಿದ್ದ ಪ್ರಾಮಾಣಿಕ ದರ್ಜಿ ನರಕದಲ್ಲಿ ಬೇಯುವಂತಾಯಿತಲ್ಲ ಎಂದು ಮುದುಕ ಗೈಲ್ಸ್ ಕೋರಿ ಮರುಗುತ್ತಾನೆ. ಹೇಳಿದ್ದನ್ನು ಮಾಡದೆ ವಿಧಿಯಿಲ್ಲ ಎಂಬುದು ಚೀವರನ ಉತ್ತರ. ಈ ನಾಟಕದ ಬಗ್ಗೆ ನಾನು ಓದಿದ ಬರಹಗಳಲ್ಲಿ ಅವನ ಹೆಸರು ಅಷ್ಟಾಗಿ ಬರುವುದಿಲ್ಲ. ಆದರೆ ನಾನು ಬಹುಕಾಲ ತಾಲ್ಲೂಕಿನ ಸಿವಿಲ್ ನ್ಯಾಯಾಲಯವೊಂದರಲ್ಲಿ ಬೆರಳಚ್ಚುಗಾರನಾಗಿದ್ದವನು. ನನ್ನ ಕಣ್ಣು ಮೊದಲು ಹೋಗುವುದು ಅವನ ಮೇಲೆ, ಅವನ ಕೈಯಲ್ಲಿರುವ ಕಾಗದಗಳ ಮೇಲೆ.

ಕಥೆ ಬಹಳ ಜನರಿಗೆ ಗೊತ್ತಿರುವಂಥದ್ದು. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಕೆಲವು ಹುಡುಗಿಯರಿಗೆ ಮೈಮೇಲೆ ಬಂದಂತಾಯಿತು. ಅವರು ಹೆಸರು ಹೇಳಿದವರನ್ನೆಲ್ಲ ಹಿಡಿದು ತಂದರು. 19 ಜನರನ್ನು ಗಲ್ಲಿಗೇರಿಸಿದರು. ವಿಚಾರಣೆಗೆ ಒಪ್ಪದ ಗೈಲ್ಸ್ ಕೋರಿಯ ಎದೆಯ ಮೇಲೆ ಕಲ್ಲು ಹೇರುತ್ತಾ ಹೋಗಿ ಕೊಂದರು. ತಪ್ಪೊಪ್ಪಿಕೊಂಡವರು ಬದುಕಿಕೊಂಡರು, ಒಪ್ಪದವರು ಸತ್ತರು. ನಾಟಕ ನ್ಯೂಯಾರ್ಕ್‌ನಲ್ಲಿ ಮೊದಲು ರಂಗಕ್ಕೆ ಬಂದದ್ದು 1953ರ ಜನವರಿ 22ರಂದು. ಅಮೆರಿಕದಲ್ಲಿ ಆಗ ಕಮ್ಯುನಿಸ್ಟರ ಬೇಟೆ ನಡೆದಿತ್ತು. ಸಂಸತ್ತಿನ ಸಮಿತಿಯ ಮುಂದೆ ಜನ ತಮ್ಮ ಗೆಳೆಯರ ಹೆಸರು ಹೇಳಬೇಕಾಗಿತ್ತು. ಆ ಕಾಲದ ಕನ್ನಡಿ ಇದು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಅಲ್ಲಿಗೇ ನಿಲ್ಲಿಸಿದರೆ ನಾಟಕದ ಒಳಗಿನ ಕಟ್ಟಡ ಕಾಣದೇ ಹೋಗುತ್ತದೆ. ಮಿಲ್ಲರ್ ಬರೆಯುವ ಮೊದಲು, 1952ರಲ್ಲಿ, ಸೇಲಂಗೆ ಹೋಗಿ ಅಲ್ಲಿನ ನ್ಯಾಯಾಲಯದ ಹಳೆಯ ದಾಖಲೆಗಳನ್ನು ಓದಿದ್ದರು. ಕಡತ ಓದಿದ ಮನುಷ್ಯ ಬರೆದ ನಾಟಕ ಇದು ಎಂಬುದು ಪ್ರತಿ ಅಂಕದಲ್ಲೂ ಗೊತ್ತಾಗುತ್ತದೆ. ಇದರಲ್ಲಿ ಜೀವ ಉಳಿಯುವುದೂ ಹೋಗುವುದೂ ಒಂದು ಕಾಗದದ ಮೇಲೆ ಯಾರ ಹೆಸರು ಬರೆದಿದೆ ಎಂಬುದರಿಂದ.

ಅಪರಾಧವೇ ಒಂದು ಸಹಿ. ಆ ಕಾಲದ ನಂಬಿಕೆಯಲ್ಲಿ ಮಾಟಗಾತಿ ಎಂದರೆ ಸೈತಾನನ ಪುಸ್ತಕದಲ್ಲಿ ರುಜು ಹಾಕಿದವಳು. ಸೇಲಂನಲ್ಲಿ ಮೊದಲು ತಪ್ಪೊಪ್ಪಿಕೊಂಡ ಗುಲಾಮ ಹೆಂಗಸು ಟಿಟೂಬಾ, ಆ ಪುಸ್ತಕದಲ್ಲಿ ಒಂಬತ್ತು ಗುರುತುಗಳನ್ನು ಕಂಡೆ ಎಂದು ಹೇಳಿದ್ದು ನಿಜವಾದ ದಾಖಲೆಯಲ್ಲೇ ಇದೆ. ಮಿಲ್ಲರ್ ಇದನ್ನು ಹಿಡಿದುಕೊಂಡರು. ಮೂರನೆಯ ಅಂಕದ ಕೊನೆಯಲ್ಲಿ ಪ್ರಾಕ್ಟರನ ಮನೆಗೆಲಸದ ಹುಡುಗಿ ಮೇರಿ ವಾರೆನ್ ಹೆದರಿ ಪ್ರಾಕ್ಟರನ ಮೇಲೆ ತಿರುಗಿಬೀಳುವಾಗ ಏನೆಂದು ಕೂಗುತ್ತಾಳೆ? ಇವನು ರಾತ್ರಿ ಬಂದು ಎಬ್ಬಿಸುತ್ತಾನೆ, ಕುತ್ತಿಗೆ ಹಿಡಿಯುತ್ತಾನೆ, ನಾನು ಸಹಿ ಮಾಡುತ್ತೇನೆ, ಇವನಿಗೆ ನನ್ನ ಹೆಸರು ಬೇಕು. ಮುಂದಿನ ಅಂಕದಲ್ಲಿ ಇದೇ ಮಾತನ್ನು ಅಕ್ಷರಶಃ ನಡೆಸುವುದು ನ್ಯಾಯಾಲಯ. ಸೆರೆಯಲ್ಲಿರುವ ಪ್ರಾಕ್ಟರನ ಮುಂದೆ ಕಾಗದ ಇಟ್ಟು, ನಿನ್ನ ಹೆಸರು ಬೇಕು ಎನ್ನುತ್ತದೆ. ಇಷ್ಟು ಬಿಗಿಯಾದ ಹೆಣಿಗೆಯನ್ನು ನಾನು ಬೇರೆ ನಾಟಕಗಳಲ್ಲಿ ಕಂಡದ್ದು ಕಡಿಮೆ.

ಮೊದಲ ಅಂಕದಲ್ಲಿ ಟಿಟೂಬಾಳನ್ನು ಪ್ರಶ್ನಿಸುವ ರೀತಿಯನ್ನೂ ಗಮನಿಸಬೇಕು. ಸೈತಾನನ ಜೊತೆ ಯಾರನ್ನು ಕಂಡೆ ಎಂದು ಕೇಳುತ್ತಾರೆ. ಅವಳು ತಡವರಿಸುತ್ತಾಳೆ. ಕೂಡಲೇ ಊರಿನ ಶ್ರೀಮಂತ ಜಮೀನುದಾರ ಪುಟ್ನಮ್ ಬಾಯಿ ಹಾಕುತ್ತಾನೆ: ಸಾರಾ ಗುಡ್? ಆಸ್ಬರ್ನ್? ನಮ್ಮಲ್ಲಿ ಮುಖ್ಯ ವಿಚಾರಣೆಯಲ್ಲಿ ಇಂಥ ಸೂಚಕ ಪ್ರಶ್ನೆ ಬಂದರೆ ಎದುರು ವಕೀಲರು ಥಟ್ಟನೆ ಎದ್ದು ನಿಲ್ಲುತ್ತಾರೆ, ಏಕೆಂದರೆ ಉತ್ತರ ಪ್ರಶ್ನೆಯ ಹೊಟ್ಟೆಯಲ್ಲೇ ಇದೆ. ಸೇಲಂನ ಆ ಕೋಣೆಯಲ್ಲಿ ಎದ್ದು ನಿಲ್ಲುವವರು ಯಾರೂ ಇಲ್ಲ. ಚಾವಟಿಯ ಬೆದರಿಕೆ ತಲೆಯ ಮೇಲಿದೆ. ಸ್ವಲ್ಪ ಹೊತ್ತಿನಲ್ಲಿ ಟಿಟೂಬಾಳ ಬಾಯಿಂದ ಅವೇ ಹೆಸರುಗಳು ಹೊರಬರುತ್ತವೆ.

ಪುಟ್ನಮ್‌ಗೆ ಯಾಕೆ ಇಷ್ಟು ಆತುರ? ಅದೇ ಅಂಕದಲ್ಲಿ ಮರದ ದಿಮ್ಮಿಗಳ ಜಗಳವೊಂದಿದೆ. ಈ ಕಾಡು ನನ್ನ ತಾತನ ಉಯಿಲಿನಲ್ಲಿದೆ ಎಂದು ಪುಟ್ನಮ್. ಫ್ರಾನ್ಸಿಸ್ ನರ್ಸ್‌ನಿಂದ ಕ್ರಯಕ್ಕೆ ಪಡೆದಿದ್ದೇನೆ ಎಂದು ಪ್ರಾಕ್ಟರ್. ತನ್ನದಲ್ಲದ ಜಮೀನನ್ನು ಉಯಿಲು ಬರೆಯುವುದು ನಿನ್ನ ತಾತನ ಚಾಳಿ ಎಂದೂ ಪ್ರಾಕ್ಟರ್ ಚುಚ್ಚುತ್ತಾನೆ, ಗೈಲ್ಸ್ ಹೌದೆನ್ನುತ್ತಾನೆ. ಬದುವಿನ ತಕರಾರು, ಉಯಿಲಿನ ತಕರಾರು, ಒಂದೇ ಸರ್ವೆ ನಂಬರಿಗೆ ಇಬ್ಬರು ಹಕ್ಕುದಾರರು: ಇಂಥ ಸಾಕ್ಷ್ಯಗಳನ್ನು ಟೈಪು ಮಾಡಿ ಮಾಡಿ ನನ್ನ ಬೆರಳು ಸವೆದಿವೆ. ಹಾಗಾಗಿ ಮೂರನೆಯ ಅಂಕದಲ್ಲಿ, ಪುಟ್ನಮ್ ನೆರೆಯವರ ಜಮೀನಿಗಾಗಿ ಮಗಳಿಂದ ಆರೋಪ ಹೊರಿಸಿದ ಎಂದು ಗೈಲ್ಸ್ ಬರೆದು ತಂದಾಗ ನನಗೆ ಯಾವ ಆಶ್ಚರ್ಯವೂ ಆಗಲಿಲ್ಲ. ಗಲ್ಲಿಗೇರಿದವನ ಆಸ್ತಿ ಹರಾಜಿಗೆ ಬಂದರೆ ಕೊಳ್ಳುವ ಶಕ್ತಿ ಇರುವವನು ಊರಿನಲ್ಲಿ ಪುಟ್ನಮ್ ಒಬ್ಬನೇ.

ಆ ಮೂರನೆಯ ಅಂಕ ನನಗೆ ಬಾಯಿಪಾಠವಾಗಿದೆ. ಮೂವರು ಗಂಡಂದಿರು ಹೆಂಡತಿಯರನ್ನು ಬಿಡಿಸಿಕೊಳ್ಳಲು ಕಾಗದ ಹಿಡಿದು ಬಂದಿದ್ದಾರೆ. ಗೈಲ್ಸ್ ತನ್ನ ಹೇಳಿಕೆ ಕೊಡುತ್ತಾನೆ. ಇವನು ಜೀವನದಲ್ಲಿ 33 ಬಾರಿ ಕೋರ್ಟು ಹತ್ತಿದವನು, ಪ್ರತಿ ಬಾರಿಯೂ ವಾದಿಯಾಗಿ. ವಕೀಲನನ್ನು ಇಟ್ಟುಕೊಂಡವನಲ್ಲ. ಬರವಣಿಗೆ ಚೆನ್ನಾಗಿದೆ ಎಂದು ಉಪಗವರ್ನರ್ ಡ್ಯಾನ್‌ಫೋರ್ತ್ ಮೆಚ್ಚುತ್ತಾನೆ, ಮರುಕ್ಷಣವೇ ಇದನ್ನು ನಿನಗೆ ಹೇಳಿದವರು ಯಾರು ಎಂದು ಕೇಳುತ್ತಾನೆ. ಗೈಲ್ಸ್ ಹೆಸರು ಹೇಳುವುದಿಲ್ಲ. ನ್ಯಾಯಾಲಯ ನಿಂದನೆಯೆಂದು ಬಂಧಿಸುತ್ತಾರೆ. ಫ್ರಾನ್ಸಿಸ್ ನರ್ಸ್ ತಂದದ್ದು ಇನ್ನೊಂದು ಕಾಗದ: ತನ್ನ ಹೆಂಡತಿ ರೆಬೆಕಾ, ಪ್ರಾಕ್ಟರನ ಹೆಂಡತಿ ಎಲಿಜಬೆತ್, ಗೈಲ್ಸ್‌ನ ಹೆಂಡತಿ ಮಾರ್ಥಾ ಒಳ್ಳೆಯವರೆಂದು 91 ಜನ ರೈತರು ರುಜು ಹಾಕಿದ ಮನವಿ. ನಿಮಗೆ ಏನೂ ಆಗುವುದಿಲ್ಲ ಎಂದು ಅವರಿಗೆಲ್ಲ ಮಾತು ಕೊಟ್ಟು ಸಹಿ ತಂದಿದ್ದಾನೆ. ಡ್ಯಾನ್‌ಫೋರ್ತ್ ಓದಿ ನೋಡಿ, ಈ ಎಲ್ಲರಿಗೂ ವಾರಂಟು ತಯಾರಿಸು ಎಂದು ಚೀವರನಿಗೆ ಹೇಳುತ್ತಾನೆ.

ಈ ಜಾಗದಲ್ಲಿ ನಾನು ಪ್ರತಿ ಸಲ ಪುಸ್ತಕ ಕೆಳಗಿಡುತ್ತೇನೆ. ಸಾಕ್ಷಿಗಳ ಪಟ್ಟಿ ಒಂದೇ ಮಾತಿನಲ್ಲಿ ಆರೋಪಿಗಳ ಪಟ್ಟಿಯಾಯಿತು. ಕಾಗದದ ಮೇಲೆ ಒಂದಕ್ಷರವೂ ಬದಲಾಗಲಿಲ್ಲ. ನಿಜವಾದ ಸೇಲಂನಲ್ಲಿ ರೆಬೆಕಾ ಪರವಾಗಿ ಸಹಿ ಹಾಕಿದವರು ಸುಮಾರು 40 ಜನ. ತೀರ್ಪುಗಾರರು ಅವಳನ್ನು ಮೊದಲು ನಿರ್ದೋಷಿ ಎಂದಿದ್ದರು ಕೂಡ. ನ್ಯಾಯಾಧೀಶರು ಮತ್ತೆ ಯೋಚಿಸಿ ಎಂದ ಮೇಲೆ ದೋಷಿ ಎಂದರು. ಜುಲೈ 19ರಂದು ಗಲ್ಲಾಯಿತು.

ಪಾದ್ರಿ ಹೇಲ್‌ನ ಮನಸ್ಸು ತಿರುಗುವುದೂ ಸಹಿಯಿಂದಲೇ. 72 ಮರಣದಂಡನೆಯ ಆಜ್ಞೆಗಳಿಗೆ ರುಜು ಹಾಕಿದ್ದೇನೆ, ರೆಬೆಕಾಳದಕ್ಕೆ ಹಾಕುವಾಗ ಕೈ ನಡುಗಿತು ಎಂದು ಅವನೇ ಹೇಳುತ್ತಾನೆ. ಮಿಲ್ಲರ್ ಅವನನ್ನು ನೀಚನನ್ನಾಗಿ ಮಾಡಲಿಲ್ಲ. ಓದಿಕೊಂಡವನು, ಕರುಣೆ ಇರುವವನು. ಸಹಿ ಹಾಕಿದ್ದು ಅಂಥವನೇ ಎಂಬುದು ನೋವಿನ ವಿಷಯ.

ನನಗೆ ಒಪ್ಪಿಗೆಯಾಗದ ಸಂಗತಿಯೂ ಒಂದಿದೆ. ನಾಟಕದಲ್ಲಿ ಆರೋಪ ಹೊರಿಸುವ ಹುಡುಗಿಯರ ಮುಂದಾಳು ಆ್ಯಬಿಗೇಲ್ ವಿಲಿಯಮ್ಸ್. ನಿಜವಾದ ಆ್ಯಬಿಗೇಲ್ 11–12ರ ಬಾಲಕಿ, ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ಮಿಲ್ಲರ್ ಅವಳಿಗೆ 17 ಮಾಡಿ, ಅವನನ್ನು ಮೂವತ್ತರ ಹರೆಯಕ್ಕೆ ಇಳಿಸಿ, ಇಬ್ಬರ ನಡುವೆ ಸಂಬಂಧ ಕಲ್ಪಿಸಿದರು. ನಾಟಕಕ್ಕೆ ಬಿಸಿ ಬಂತು, ಒಪ್ಪುತ್ತೇನೆ. ಎಲಿಜಬೆತ್ ಗಂಡನ ಮಾನ ಉಳಿಸಲು ಜನ್ಮದಲ್ಲಿ ಮೊದಲ ಬಾರಿ ಸುಳ್ಳು ಹೇಳಿ ಅವನನ್ನೇ ಮುಳುಗಿಸುವ ದೃಶ್ಯ ಇದಿಲ್ಲದೆ ಸಾಧ್ಯವಿರಲಿಲ್ಲ. ಆದರೆ ಒಬ್ಬ ಹುಡುಗಿಯ ಮತ್ಸರದ ಮೇಲೆ ಭಾರ ಹಾಕಿದಷ್ಟೂ ಪುಟ್ನಮ್‌ನ ಜಮೀನು, ಪಾದ್ರಿ ಪ್ಯಾರಿಸ್‌ನ ಭಯ, ನ್ಯಾಯಾಧೀಶರ ಹಟ ಹಗುರವಾಗುತ್ತವೆ. ಮನೆಯೊಡೆಯನಿಗೆ ವಶವಾದ ಕೆಲಸದ ಹುಡುಗಿ ನಾಟಕದ ದುಷ್ಟೆಯಾಗಿ, ಒಡೆಯ ಹುತಾತ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. ಯಾರಾದರೂ ಇದನ್ನು ರಂಗಕ್ಕೆ ತರುವುದಾದರೆ ಮೊದಲ ಅಂಕದ ಜಮೀನಿನ ಮಾತುಗಳನ್ನು ದಯವಿಟ್ಟು ಕತ್ತರಿಸಬಾರದು.

ನಾಲ್ಕನೆಯ ಅಂಕಕ್ಕೆ ಬರೋಣ. ಸೆರೆಮನೆ, ಬೆಳಗಿನ ಜಾವ. ಪ್ರಾಕ್ಟರ್ ಬದುಕಲು ನಿರ್ಧರಿಸಿ ಸುಳ್ಳು ಒಪ್ಪಿಗೆ ಕೊಡಲು ಬಂದಿದ್ದಾನೆ. ಚೀವರ್ ಶಾಯಿ ಲೇಖನಿ ಹಿಡಿದು ಕೂತಿದ್ದಾನೆ. ಚೀವರ್ ಬರೆದುಕೊಳ್ಳಬೇಕು, ನಿಧಾನವಾಗಿ ಹೇಳು ಎನ್ನುತ್ತಾನೆ ಡ್ಯಾನ್‌ಫೋರ್ತ್. ಈ ಮಾತನ್ನು ಕಟಕಟೆಯಲ್ಲಿ ನಿಂತವರಿಗೆ ನ್ಯಾಯಾಧೀಶರು ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಸಾಕ್ಷಿ ತನ್ನ ಮಾತಿನಲ್ಲಿ ಏನೋ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ಕಟ್ಟಿ ಉಕ್ತಲೇಖನ ಕೊಡುತ್ತಾರೆ, ನಾನು ಒತ್ತುತ್ತೇನೆ, ಕೊನೆಗೆ ‘ಓದಿ ಹೇಳಿ ಕೇಳಿ ಸರಿ ಇದೆ’ ಎಂಬ ಸಾಲು. ಅದರ ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು. ಕಾಗದ ತಿರುಗಿಸಿ ಮುಂದಿಟ್ಟಾಗ ಕೆಲವರು ಲೇಖನಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಅಕ್ಷರ ಬಾರದ ಹೆಂಗಸರಲ್ಲಿ ಇದು ಹೆಚ್ಚು. ಸೆರಗಿನಿಂದ ಬೆರಳಿನ ಶಾಯಿ ಒರೆಸಿಕೊಳ್ಳುತ್ತಾ, ಅಲ್ಲಿ ಏನು ಬರೆದಿದೆ ಸ್ವಾಮಿ ಎಂದು ಮತ್ತೊಮ್ಮೆ ಕೇಳುತ್ತಿದ್ದರು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಗುರುತು ಹಾಕಿದ್ದು ಉಳಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪ್ರಾಕ್ಟರನಿಗೂ ಅದು ಗೊತ್ತು. ಬೇರೆಯವರ ಹೆಸರು ಹೇಳಲು ಒಪ್ಪುವುದಿಲ್ಲ, ತನ್ನ ಪಾಪವನ್ನಷ್ಟೇ ಹೇಳುತ್ತೇನೆ ಎನ್ನುತ್ತಾನೆ. ಒತ್ತಾಯಕ್ಕೆ ಸಹಿಯನ್ನೂ ಮಾಡುತ್ತಾನೆ. ಡ್ಯಾನ್‌ಫೋರ್ತ್ ಮಾಮೂಲಿನಂತೆ ಕೈ ಚಾಚುತ್ತಾನೆ. ಅಷ್ಟರಲ್ಲಿ ಪ್ರಾಕ್ಟರ್ ಕಾಗದವನ್ನು ಕಸಿದುಕೊಂಡುಬಿಟ್ಟಿದ್ದಾನೆ. ನಾನು ಸಹಿ ಮಾಡಿದ್ದನ್ನು ನೀವೆಲ್ಲ ಕಂಡಿರಿ, ಕಾಗದ ನಿಮಗೇಕೆ? ಚರ್ಚಿನ ಬಾಗಿಲಿಗೆ ಬಡಿಯಲು ಎಂಬುದು ಉತ್ತರ. ರೆಬೆಕಾ ಒಪ್ಪದೆ ಸಾಯುವ ದಿನವೇ ಇವನ ರುಜು ಅಲ್ಲಿ ನೇತಾಡಬೇಕು. ಆತ್ಮ ಕೊಟ್ಟಿದ್ದೇನೆ, ಹೆಸರು ಬಿಡಿ ಎಂದು ಅವನು ಅರಚುತ್ತಾನೆ, ಕಾಗದ ಹರಿಯುತ್ತಾನೆ. ಎರಡನೆಯ ಅಂಕದಲ್ಲಿ ಹೆಂಡತಿಯ ವಾರಂಟನ್ನೂ ಹೀಗೇ ಹರಿದಿದ್ದ. ಉಪಗವರ್ನರರ ವಾರಂಟು ಹರಿದೆಯಲ್ಲ ಎಂದು ಆಗ ಚೀವರ್ ಬೆಚ್ಚಿದ್ದ. ಅದನ್ನು ನ್ಯಾಯಾಲಯಕ್ಕೆ ವರದಿ ಮಾಡಿದವನೂ ಅವನೇ. ಮೊದಲ ಕಾಗದ ಹರಿದಾಗ ಹೆಂಡತಿಯ ಬಂಧನ ತಪ್ಪಲಿಲ್ಲ, ಎರಡನೆಯದು ಹರಿದಾಗ ಅವನೇ ಉಳಿಯಲಿಲ್ಲ. ಎರಡನೆಯದರಲ್ಲಿದ್ದದ್ದು ಅವನದೇ ಹೆಸರು.

ಮಿಲ್ಲರ್ ಇದನ್ನು ಬರೆದು ಮೂರು ವರ್ಷಕ್ಕೆ, 1956ರಲ್ಲಿ, ಸ್ವತಃ ಸಮಿತಿಯ ಮುಂದೆ ನಿಂತರು. ತಮ್ಮ ಬಗ್ಗೆ ಮಾತಾಡಿದರು, ಬೇರೆಯವರ ಹೆಸರು ಹೇಳಲಿಲ್ಲ. 1957ರಲ್ಲಿ ಸಂಸತ್ತಿನ ನಿಂದನೆಯ ಆರೋಪ ಸಾಬೀತೆಂದು ತೀರ್ಪಾಯಿತು. 1958ರಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು. ಗೈಲ್ಸ್ ಕೋರಿಗೆ ತಾವೇ ಬರೆದ ದೃಶ್ಯವನ್ನು ಅವರು ಬದುಕಿ ತೋರಿಸಿದರು. ಅವರ ಬಗ್ಗೆ ನನಗಿರುವ ಗೌರವದ ದೊಡ್ಡ ಪಾಲು ಇದಕ್ಕೇ ಸಲ್ಲುತ್ತದೆ.

ಸೇಲಂನ ಕಡತಗಳು ಮುಚ್ಚಲು ಬಹಳ ಕಾಲ ಹಿಡಿಯಿತು. 1711ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಪ್ರಾಕ್ಟರ್, ರೆಬೆಕಾ ನರ್ಸ್ ಮೊದಲಾದ ಹಲವರ ಶಿಕ್ಷೆಗಳನ್ನು ಹೆಸರು ಹೆಸರಾಗಿ ರದ್ದುಮಾಡಿ ಕುಟುಂಬಗಳಿಗೆ ಪರಿಹಾರ ಕೊಟ್ಟಿತು. ಆ ಪಟ್ಟಿಯಲ್ಲಿ ಎಲಿಜಬೆತ್ ಜಾನ್ಸನ್ ಎಂಬುವಳು ಬಿಟ್ಟುಹೋದಳು. ಅವಳಿಗೆ ಮರಣದಂಡನೆಯಾಗಿತ್ತು, ಗಲ್ಲು ತಪ್ಪಿ ಬದುಕಿದ್ದಳು. ನನ್ನ ಹೆಸರನ್ನೂ ಸೇರಿಸಿ ಎಂದು ಅವಳು 1712ರಲ್ಲಿ ಅರ್ಜಿ ಕೊಟ್ಟಳು. ಶಾಲಾ ಮಕ್ಕಳು ತಮ್ಮ ಶಿಕ್ಷಕಿಯ ಜೊತೆ ಸೇರಿ ಬೆನ್ನುಹತ್ತಿದ ಮೇಲೆ, 2022ರಲ್ಲಿ ಶಾಸನಸಭೆ ಅವಳ ಹೆಸರನ್ನು ಸೇರಿಸಿತು.