ಪ್ರೈಮರ್ ಹೋಲಿಕೆಗೆ ಐದು ಗುಂಡು ಸಾಲದು

ಅಮೆರಿಕದ ಮೊಂಟಾನಾದಲ್ಲಿ ಒಂದು ರೈಫಲ್ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ದೂರದ ಗುರಿಯ ಸ್ಪರ್ಧೆಗೆ ಹೋಗುವವರ ರೈಫಲ್‌ಗೆ ಯಾವ ತೋಟಾ ಒಗ್ಗುತ್ತದೆಂದು ಪರೀಕ್ಷಿಸಿ ಹೇಳುತ್ತೇನೆ. ತೋಟಾವನ್ನು ತಾವೇ ತುಂಬಿಕೊಳ್ಳುವವರು ತಪ್ಪದೆ ಕೇಳುವ ಪ್ರಶ್ನೆ: ‘.308ಕ್ಕೆ ಫೆಡರಲ್ 210ಎಂ ಪ್ರೈಮರ್ ಒಳ್ಳೆಯದೋ, ಸಿಸಿಐ ಬಿಆರ್-2 ಒಳ್ಳೆಯದೋ?’ .308 ಎಂದರೆ ರೈಫಲ್ ತೋಟಾದ ಒಂದು ಅಳತೆ; ಪ್ರೈಮರ್ ಎಂದರೆ ತೋಟಾದ ತಳದಲ್ಲಿ ಕೂರುವ, ಪೆಟ್ಟು ಬಿದ್ದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಬಟ್ಟಲು. ಕೇಳುವವರ ಕೈಯಲ್ಲಿ 100 ಗಜಕ್ಕೆ ಐದೈದು ಗುಂಡು ಹೊಡೆದ ಎರಡು ಕಾಗದ.

ಆ ಕಾಗದ ನೋಡಿ ಏನೂ ಹೇಳಲಾಗದು. ಪ್ರೈಮರ್‌ನ ಗುಣ ಮುಖ್ಯವಾಗಿ ಗೊತ್ತಾಗುವುದು ಗುಂಡಿನ ವೇಗದ ಏರುಪೇರಿನಲ್ಲಿ. ಸೆಕೆಂಡಿಗೆ 2600 ಅಡಿ ವೇಗದಲ್ಲಿ ಹೊರಡುವ 175 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡಿಗೆ 20 ಅಡಿ ಹೆಚ್ಚುಕಡಿಮೆಯಾದರೆ 100 ಗಜದಲ್ಲಿ ಕಣ್ಣಿಗೇ ಬೀಳದು. 1000 ಗಜದಲ್ಲಿ ಅರ್ಧ ಅಡಿಗೂ ಮಿಕ್ಕಿ ಮೇಲೆ ಕೆಳಗೆ ಹೋಗುತ್ತದೆ. ಅಲ್ಲಿ ಎಫ್-ಕ್ಲಾಸ್ (ಮಲಗಿ, ರೈಫಲನ್ನು ಆಸರೆಗಿಟ್ಟು ದೂರಕ್ಕೆ ಹೊಡೆಯುವ) ಸ್ಪರ್ಧೆಯ ಹತ್ತು ಅಂಕದ ವೃತ್ತಕ್ಕೆ ಅಗಲವೇ 10 ಇಂಚು.

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಅಳೆದರೂ ಐದು ಗುಂಡು ಸಾಲದು. ಐದರಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಸೆಕೆಂಡಿಗೆ 10 ಅಡಿ ಬಂದರೆ, ನಿಜವಾದದ್ದು 6 ಇರಬಹುದು, 28 ಇದ್ದರೂ ಆಶ್ಚರ್ಯವಿಲ್ಲ. ಮೂವತ್ತು ಹೊಡೆದು ಅದೇ 10 ಬಂದರೆ, ಸುಮಾರು 8ರಿಂದ 13ರೊಳಗೆ ಇದೆ ಎಂದು ಧೈರ್ಯವಾಗಿ ಹೇಳಬಹುದು.

ನಾನು ಪರೀಕ್ಷಿಸುವಾಗ ಕೇಸ್ (ತೋಟಾದ ಹಿತ್ತಾಳೆ ಕೋಶ), ಮದ್ದು, ಗುಂಡು ಎಲ್ಲ ಒಂದೇ ಲಾಟ್‌ನವು, ಅಂದರೆ ಒಂದೇ ಸಲ ತಯಾರಾದವು. ಬದಲಾಗುವುದು ಪ್ರೈಮರ್ ಮಾತ್ರ. ಪ್ರೈಮರ್ ಬದಲಾದರೆ ಒತ್ತಡವೂ ಬದಲಾಗಬಹುದು, ಹಾಗಾಗಿ ಮದ್ದು ಇಳಿಸಿಕೊಂಡು ಶುರುಮಾಡಿ ಮೆಲ್ಲಗೆ ಏರಿಸಬೇಕು. ಇದರಲ್ಲಿ ರಾಜಿ ಇಲ್ಲ. ಕೂರಿಸಿದ ಮೇಲೆ ಪ್ರತಿ ಕೇಸಿನ ತಳದ ಮೇಲೂ ಬೆರಳಾಡಿಸುತ್ತೇನೆ: ಪ್ರೈಮರ್ ತುಸು ಒಳಗೆ ಇಳಿದಿರಬೇಕು. ಎತ್ತರ ಉಳಿದರೆ ಫೈರಿಂಗ್ ಪಿನ್‌ನ ಪೆಟ್ಟಿನಲ್ಲಿ ಸ್ವಲ್ಪ ಅದನ್ನು ಒಳಕ್ಕೆ ತಳ್ಳುವುದಕ್ಕೇ ಖರ್ಚಾಗಿ, ಕಿಡಿ ಒಂದೊಂದು ಸಲ ಒಂದೊಂದು ಥರ ಹತ್ತುತ್ತದೆ. ಕೂರಿಸಿದ ರೀತಿಯ ದೋಷ ಪ್ರೈಮರ್ ಕಂಪನಿಯ ತಲೆಗೆ ಬರುತ್ತದೆ.

ಹೊಡೆಯುವುದು ಸರದಿಯಲ್ಲಿ: ಇದೊಂದು, ಅದೊಂದು. ಮೊದಲು ಒಂದು ಬಗೆಯನ್ನೆಲ್ಲ ಮುಗಿಸಿ ಇನ್ನೊಂದಕ್ಕೆ ಹೋದರೆ, ಅಷ್ಟರಲ್ಲಿ ಬ್ಯಾರೆಲ್ ಕಾದಿರುತ್ತದೆ, ಮಸಿ ಕಟ್ಟಿರುತ್ತದೆ, ಗಾಳಿ ತಿರುಗಿರುತ್ತದೆ. ಅದೆಲ್ಲ ಎರಡನೆಯದರ ಲೆಕ್ಕಕ್ಕೆ ಸೇರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಈ ಎರಡರ ನಡುವೆ ಎಷ್ಟೋ ರೈಫಲ್‌ಗಳಲ್ಲಿ ನಂಬುವಂಥ ವ್ಯತ್ಯಾಸ ಕಾಣುವುದಿಲ್ಲ. ಆಗ ನಾನು ಹೇಳುವುದಿಷ್ಟೆ: ಒಂದೇ ಲಾಟ್‌ನಲ್ಲಿ ಸೀಸನ್ ಪೂರ್ತಿಗೆ ಸಾಕಾಗುವಷ್ಟು ಯಾವುದು ಸಿಗುತ್ತದೋ ಅದನ್ನೇ ತಗೊಳ್ಳಿ.